ಕೇಳಿ, ಹೇಳ್ತೇನೆ: ಜುಹುವಿನ ಕೆಸರು, ಬಳ್ಳಾರಿಯ ಟಪಾಲು

ಕಳೆದ ಸಂಚಿಕೆಯಲ್ಲಿ ಮುಂಬೈಯ ಜುಹು ಏರೋಡ್ರೋಮ್ ಬಗ್ಗೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ವಿಮಾನದ ಪ್ರಶ್ನೆಗಳೇ ಜಾಸ್ತಿ. ಹಾಗಾಗಿ ಈ ಸಲ ಬೇರೆ ವಿಷಯಕ್ಕೆ ಹೋಗುವುದಿಲ್ಲ. ನಾನು ಹ್ಯಾಂಗರ್‌ನಲ್ಲಿ ಸ್ಪ್ಯಾನರ್ ಹಿಡಿದು ನಿವೃತ್ತನಾದವನು, ಪೈಲಟ್ ಅಲ್ಲ. ನನ್ನ ಉತ್ತರಗಳಲ್ಲಿ ಆಕಾಶದ ಮಾತಿಗಿಂತ ನೆಲದ ಮಾತು, ಎಂಜಿನ್ ಮಾತು ಜಾಸ್ತಿ ಇರುತ್ತದೆ. ಸ್ವಲ್ಪ ಸಹಿಸಿಕೊಳ್ಳಿ.

ಅಂಕಲ್, ನಮ್ಮ ಬಾಲ್ಕನಿಯಿಂದ ಜುಹುವಿನ ಹೆಲಿಕಾಪ್ಟರ್‌ಗಳು ಕಾಣುತ್ತವೆ. ಆ ಪುಟ್ಟ ಮೈದಾನವೇ ದೇಶದ ಮೊದಲ ನಾಗರಿಕ ವಿಮಾನ ನಿಲ್ದಾಣ ಅಂತಾರೆ, ನಿಜವಾ? ಹಾಗಿದ್ದರೆ ದೊಡ್ಡ ವಿಮಾನಗಳು ಸಾಂತಾಕ್ರೂಜ್‌ಗೆ ಯಾಕೆ ಹೋದವು?
— ಓದುಗಿ, ವಿಲೇ ಪಾರ್ಲೆ ಪಶ್ಚಿಮ

ನಿಜ ಕಣಮ್ಮ. ಜುಹು ಶುರುವಾದದ್ದು 1928ರಲ್ಲಿ. ಬಾಂಬೆ ಫ್ಲೈಯಿಂಗ್ ಕ್ಲಬ್ ಹುಟ್ಟಿದ್ದೂ ಅದೇ ವರ್ಷ, ಅದೇ ಜಾಗದಲ್ಲಿ. 'ನಾಗರಿಕ' ಅನ್ನುವ ಪದ ಮಾತ್ರ ಬಿಡಬೇಡಿ. ಸೇನೆಯ ವಿಮಾನಗಳು ಇಳಿಯುವ ಮೈದಾನಗಳು ದೇಶದಲ್ಲಿ ಮೊದಲೇ ಇದ್ದವು. ದುಡ್ಡು ಕೊಟ್ಟು ಹಾರಾಟ ಕಲಿಯಲು ಸಾಮಾನ್ಯರಿಗೂ ಬಾಗಿಲು ತೆರೆದದ್ದು ಇಂಥ ಕ್ಲಬ್‌ಗಳು. ಸಾಮಾನ್ಯರು ಅಂದೆ, ಆದರೆ ಆಗಿನ ಕಾಲಕ್ಕೆ ಆ ದುಡ್ಡು ಯಾರ ಹತ್ತಿರ ಇತ್ತು ಅನ್ನುವುದು ನಿಮಗೂ ಗೊತ್ತು.

ಜುಹು ಅಂದರೆ ಆಗ ಟರ್ಮಿನಲ್ ಅಲ್ಲ, ಕೌಂಟರ್ ಅಲ್ಲ. ಸಮುದ್ರದ ಪಕ್ಕದಲ್ಲಿ ಒಂದು ಮಣ್ಣಿನ ಬಯಲು, ಅದರ ಅಂಚಿಗೆ ತಾಳೆಗರಿ ಹೊದಿಸಿದ ಒಂದು ಗುಡಿಸಲು. 1932ರಲ್ಲಿ ಟಾಟಾದವರ ಟಪಾಲು ವಿಮಾನ ಸೇವೆ ಶುರುವಾದಾಗ ಅದೇ ಆಫೀಸು.

ಬೇಸಿಗೆಯಲ್ಲಿ ಇದೆಲ್ಲ ಚೆನ್ನಾಗಿತ್ತು. ಮುಂಬೈ ಮಳೆ ನಿಮಗೆ ಹೇಳಬೇಕಾ? ನೆಲ ತಗ್ಗು, ಸಮುದ್ರ ಪಕ್ಕದಲ್ಲೇ. ಜೋರು ಮಳೆಯ ದಿನ ಭರತವೂ ಏರಿತೆಂದರೆ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಇವತ್ತು ರೈಲುಹಳಿಯ ಕೆಳಗಿನ ಮಿಲನ್ ಸಬ್‌ವೇ ರಸ್ತೆ ಮುಳುಗುವುದಕ್ಕೂ ಅದೇ ಕಾರಣ. ಏರೋಡ್ರೋಮ್ ಕೆರೆಯಾಗುತ್ತಿತ್ತು. ಆಗ ಏನು ಮಾಡುತ್ತಿದ್ದರು ಗೊತ್ತಾ? ಇಡೀ ಏರ್‌ಲೈನ್ ಗಂಟುಮೂಟೆ ಕಟ್ಟಿಕೊಂಡು ಘಾಟಿ ಹತ್ತಿ ಪುಣೆಗೆ ಹೋಗುತ್ತಿತ್ತು. ಇಡೀ ಏರ್‌ಲೈನ್ ಅಂದರೆ ಎರಡು ವಿಮಾನ, ಮೂವರು ಪೈಲಟ್, ಮೂವರು ಮೆಕ್ಯಾನಿಕ್. ಪುಣೆಯಲ್ಲೂ ಏರೋಡ್ರೋಮ್ ಇರಲಿಲ್ಲ. ಯರವಡಾ ಜೈಲಿನ ಗೋಡೆಯ ಹತ್ತಿರದ ಹೊಲದಲ್ಲಿ ಇಳಿಯುತ್ತಿದ್ದರು, ಅಲ್ಲಿಂದಲೇ ಏರುತ್ತಿದ್ದರು. 1932ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಉಪವಾಸ ಕೂತು ಪೂನಾ ಒಪ್ಪಂದ ಆದದ್ದು ಇದೇ ಜೈಲಿನಲ್ಲಿ.

ಆ ಮೂವರು ಮೆಕ್ಯಾನಿಕ್‌ಗಳ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ನನಗೆ ಮಾತ್ರ ಅವರದ್ದೇ ಚಿಂತೆ. ಅವರು ನೋಡಿಕೊಳ್ಳುತ್ತಿದ್ದ ಪುಸ್ ಮಾಥ್ ಅನ್ನುವ ಪುಟ್ಟ ವಿಮಾನದ ರೆಕ್ಕೆ ಮರದ್ದು, ಮೇಲೆ ಹೊದಿಸಿದ್ದು ಬಟ್ಟೆ. ಆ ಬಟ್ಟೆ ಬಿಗಿಯಾಗಿ ನಿಲ್ಲಲು ಡೋಪ್ ಅನ್ನುವ ದ್ರವ ಬಳಿಯಬೇಕು. ಮಳೆಗಾಲದಲ್ಲಿ ಅದನ್ನು ಬಳಿದು ಒಣಗಿಸಿ ನೋಡಿ! ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊಗೆ ತೇವ ಹಿಡಿದರೆ ಪ್ರೊಪೆಲ್ಲರ್ ಎಷ್ಟು ತಿರುಗಿಸಿದರೂ ಎಂಜಿನ್ ಹತ್ತುವುದಿಲ್ಲ. ಮರ, ಬಟ್ಟೆ, ಉಪ್ಪುಗಾಳಿ ಒಟ್ಟಿಗಿದ್ದರೆ ಕೆಲಸ ಯಾವತ್ತೂ ಮುಗಿಯುವುದಿಲ್ಲ.

ಸಾಂತಾಕ್ರೂಜ್, ಅಂದರೆ ಈಗಿನ ಮುಂಬೈ ವಿಮಾನ ನಿಲ್ದಾಣ, ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, ಬ್ರಿಟಿಷ್ ವಾಯುಪಡೆಗಾಗಿ. ಯುದ್ಧ ಮುಗಿದ ಮೇಲೆ ಗಟ್ಟಿ, ಉದ್ದ ರನ್‌ವೇ ಅಲ್ಲಿ ತಯಾರಿತ್ತು. ಜುಹುವಿಗೆ ಒಂದು ಕಡೆ ಸಮುದ್ರ, ಉಳಿದ ಕಡೆ ಊರು. ಬೆಳೆಯಲು ಜಾಗವೇ ಇಲ್ಲ. ಈಗ ನಿಮ್ಮ ಬಾಲ್ಕನಿಗೆ ಕಾಣುವ ಹೆಲಿಕಾಪ್ಟರ್‌ಗಳಲ್ಲಿ ಬಾಂಬೆ ಹೈ ತೈಲಬಾವಿಗಳಿಗೆ ಜನರನ್ನು ಕರೆದೊಯ್ಯುವವೂ ಇವೆ.

ಮಾಮ, ನಮ್ಮ ತಾತನ ಊರು ಬಳ್ಳಾರಿ. ದೇಶದ ಮೊದಲ ಟಪಾಲು ವಿಮಾನ ಬಳ್ಳಾರಿಗೆ ಬಂದಿತ್ತು ಅಂತ ಅವರು ಹೇಳುತ್ತಿದ್ದರು. ಚೆಂಬೂರಿನಲ್ಲಿ ಯಾರಿಗೆ ಹೇಳಿದರೂ ನಗುತ್ತಾರೆ.
— ಓದುಗ, ಚೆಂಬೂರು

ನಗುವವರಿಗೆ ಈ ಪುಟ ಕತ್ತರಿಸಿ ತೋರಿಸಿ. ತಾತ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ.

'ಮೊದಲ' ಅನ್ನುವುದು ಮಾತ್ರ ಅಲ್ಲ. ವಿಮಾನದಲ್ಲಿ ಟಪಾಲು ಮೊದಲು ಹೋದದ್ದು 1911ರ ಫೆಬ್ರವರಿ 18ರಂದು, ಅಲಹಾಬಾದ್‌ನಿಂದ ನೈನಿಗೆ. ಹೆನ್ರಿ ಪೆಕೆ ಅನ್ನುವ ಫ್ರೆಂಚ್ ಪೈಲಟ್ ಸುಮಾರು 6,500 ಪತ್ರಗಳನ್ನು ಯಮುನೆ ದಾಟಿಸಿದ. ಅದು ಒಂದು ಪ್ರದರ್ಶನದ ಭಾಗ. ದಿನಚರಿಯಂತೆ ನಡೆಯುವ ಸೇವೆ ಶುರುವಾದದ್ದು 1932ರ ಅಕ್ಟೋಬರ್ 15ರಂದು. ಅದರಲ್ಲಿ ಬಳ್ಳಾರಿ ಇತ್ತು.

ಲಂಡನ್‌ನಿಂದ ಬರುವ ಟಪಾಲನ್ನು ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಲುಪಿಸುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಬರಬೇಕಾದರೆ ರೈಲೇ ಗತಿ. ಈ ಮಧ್ಯದ ದಾರಿಯನ್ನು ವಿಮಾನದಲ್ಲಿ ಮುಗಿಸೋಣ ಅಂತ ಟಾಟಾದವರ ಹತ್ತಿರ ಬಂದವರು ನೆವಿಲ್ ವಿಂಟ್ಸೆಂಟ್, ಬ್ರಿಟಿಷ್ ವಾಯುಪಡೆಯಲ್ಲಿ ಇದ್ದವರು. ಹಾಕಿದ ಬಂಡವಾಳ ಸುಮಾರು 2 ಲಕ್ಷ ರೂಪಾಯಿ. ಸರ್ಕಾರದ ಸಹಾಯಧನ ಬಿಡಿಗಾಸೂ ಇಲ್ಲ.

ಆ ದಿನ ಬೆಳಿಗ್ಗೆ 6.35ಕ್ಕೆ ಕರಾಚಿಯ ಡ್ರಿಗ್ ರೋಡ್ ಏರೋಡ್ರೋಮ್‌ನಿಂದ ಜೆ.ಆರ್.ಡಿ. ಟಾಟಾ ಪುಸ್ ಮಾಥ್‌ನಲ್ಲಿ ಹೊರಟರು. ಟಪಾಲಿನ ತೂಕ 25 ಕೆಜಿ ಮಾತ್ರ, ನೀವು ಊರಿಗೆ ಹೋಗುವಾಗ ಕಟ್ಟುವ ಒಂದು ಸೂಟ್‌ಕೇಸಿನಷ್ಟು. ಅಹಮದಾಬಾದ್‌ನಲ್ಲಿ ಇಳಿದಾಗ ಬರ್ಮಾ ಶೆಲ್‌ನವರು ಪೆಟ್ರೋಲನ್ನು ನಾಲ್ಕು ಗ್ಯಾಲನ್ ಡಬ್ಬಗಳಲ್ಲಿ ಎತ್ತಿನಗಾಡಿಯ ಮೇಲೆ ತಂದರು. ಮಧ್ಯಾಹ್ನ 1.50ಕ್ಕೆ ಜುಹು. ಅಲ್ಲಿ ಕಾಯುತ್ತಿದ್ದ ವಿಂಟ್ಸೆಂಟ್ ಮದರಾಸಿನ ಟಪಾಲು ತೆಗೆದುಕೊಂಡು ಇನ್ನೊಂದು ವಿಮಾನದಲ್ಲಿ ಹೊರಟರು.

ಈಗ ನೀವೇ ಲೆಕ್ಕ ಹಾಕಿ. ಹೊರಟದ್ದು ಮಧ್ಯಾಹ್ನದ ಮೇಲೆ. ವಿಮಾನದ ವೇಗ ಗಂಟೆಗೆ ಸುಮಾರು 160 ಕಿ.ಮೀ. ಅಕ್ಟೋಬರ್‌ನಲ್ಲಿ ಆರು ಗಂಟೆ ದಾಟಿದರೆ ಕತ್ತಲು. ರೇಡಿಯೊ ಇಲ್ಲ, ರನ್‌ವೇಗೆ ದೀಪ ಇಲ್ಲ. ಕೆಳಗೆ ನದಿ, ರೈಲುಹಳಿ ನೋಡಿಕೊಂಡೇ ದಾರಿ ಹಿಡಿಯಬೇಕು. ಕತ್ತಲಾಗುವ ಮೊದಲು ಎಲ್ಲಿಯಾದರೂ ಇಳಿಯಲೇಬೇಕು. ಅದು ಬಳ್ಳಾರಿ. ರಾತ್ರಿ ಅಲ್ಲಿ ಉಳಿದು ವಿಂಟ್ಸೆಂಟ್ ಮರುದಿನ ಮದರಾಸಿಗೆ ಹೋದರು. ಜುಹುವಿನ ಕೆಸರನ್ನೂ ಬಳ್ಳಾರಿಯ ಒಣ ನೆಲವನ್ನೂ ಕಂಡ ಯಾವ ಮೆಕ್ಯಾನಿಕ್ ಆದರೂ ಎರಡನೆಯದನ್ನೇ ಆರಿಸುತ್ತಾನೆ. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರಲ್ಲಿ. ಅದಕ್ಕೇ ಇರಬೇಕು, ಈ ಕಥೆಯನ್ನು ಮದರಾಸಿನವರೂ ಹೇಳುವುದಿಲ್ಲ, ನಮ್ಮವರೂ ಹೇಳುವುದಿಲ್ಲ. ಕೆಲವು ವರ್ಷಗಳಲ್ಲಿ ದಾರಿ ಹೈದರಾಬಾದ್ ಕಡೆಗೆ ತಿರುಗಿತು.

ಮೊದಲ ವರ್ಷದ ಲೆಕ್ಕ ಹೀಗಿದೆ: 1,60,000 ಮೈಲಿ ಹಾರಾಟ, 155 ಪ್ರಯಾಣಿಕರು, 60,000 ರೂಪಾಯಿ ಲಾಭ. ಆ ಪ್ರಯಾಣಿಕರು ಟಪಾಲು ಚೀಲಗಳ ಜೊತೆ ಒತ್ತಿಕೊಂಡು ಕೂತವರು. ಆ ವರ್ಷ ಟಪಾಲು ಒಂದು ಸಲವೂ ತಡವಾಗಲಿಲ್ಲ. ಸರ್ಕಾರದ ವರದಿಯೇ ಹೊಗಳಿದೆ. ಪಶ್ಚಿಮ ಘಟ್ಟದ ಮಳೆಯಲ್ಲಿ, ರೇಡಿಯೊ ಇಲ್ಲದೆ. ಇವತ್ತು ಮಂಗಳೂರು ಫ್ಲೈಟ್ ಎರಡು ಗಂಟೆ ತಡ ಅಂತ ಬೋರ್ಡ್ ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ, ಸುಮ್ನೆ ಇರ್ತೇನೆ.

ಸರ್, ಜೆ.ಆರ್.ಡಿ. ಟಾಟಾ ಹತ್ತಿರ ನಂಬರ್ 1 ಲೈಸೆನ್ಸ್ ಇತ್ತು. ಅಂದರೆ ವಿಮಾನ ಹಾರಿಸಿದ ಮೊದಲ ಭಾರತೀಯ ಅವರೇ ಅಲ್ವಾ?
— ಕಾಲೇಜು ವಿದ್ಯಾರ್ಥಿ, ಡೊಂಬಿವಲಿ

ಅಲ್ಲಪ್ಪ. 1929ರ ಫೆಬ್ರವರಿ 10ರ ಆ ಲೈಸೆನ್ಸ್ ಭಾರತದಲ್ಲಿ ಕೊಟ್ಟ ಮೊದಲನೆಯದು. ಅದಕ್ಕೂ ಹತ್ತು ವರ್ಷ ಹಿಂದೆಯೇ, ಮೊದಲ ಮಹಾಯುದ್ಧದಲ್ಲಿ, ಹರ್ದಿತ್ ಸಿಂಗ್ ಮಲಿಕ್, ಇಂದ್ರಲಾಲ್ ರಾಯ್ ಬ್ರಿಟಿಷರ ಫ್ಲೈಯಿಂಗ್ ಕೋರ್‌ನಲ್ಲಿ ಯುದ್ಧವಿಮಾನ ಹಾರಿಸಿದ್ದರು. ರಾಯ್ ಹತ್ತೊಂಬತ್ತು ವರ್ಷದ ಹುಡುಗ, 1918ರ ಜುಲೈನಲ್ಲಿ ಫ್ರಾನ್ಸಿನ ಮೇಲೆ ಹೊಡೆದಾಟದಲ್ಲಿ ಸತ್ತ.

ಜೆ.ಆರ್.ಡಿ. ಬಗ್ಗೆ ನಮ್ಮ ಹ್ಯಾಂಗರ್‌ನಲ್ಲಿ ಎಲ್ಲರಿಗಿಂತ ಇಷ್ಟವಾಗಿದ್ದ ಕಥೆ ಬೇರೆ. 1929ರ ಕೊನೆಗೆ ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಆಗಾ ಖಾನ್ 500 ಪೌಂಡ್ ಬಹುಮಾನ ಇಟ್ಟರು: ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬನೇ ಹಾರುವ ಮೊದಲ ಭಾರತೀಯನಿಗೆ. 1930ರಲ್ಲಿ ಮೂವರು ಇಳಿದರು. ಮನಮೋಹನ್ ಸಿಂಗ್ (ಪ್ರಧಾನಿಯಾದವರಲ್ಲ), ಆಸ್ಪಿ ಇಂಜಿನಿಯರ್, ಜೆ.ಆರ್.ಡಿ. ಆಸ್ಪಿ ಇಂಗ್ಲೆಂಡ್‌ನಿಂದ ಈ ಕಡೆ ಬರುತ್ತಿದ್ದ, ಜೆ.ಆರ್.ಡಿ. ಕರಾಚಿಯಿಂದ ಆ ಕಡೆ ಹೋಗುತ್ತಿದ್ದರು. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಎದುರಾದರು. ಆಸ್ಪಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದ. ಸ್ಪಾರ್ಕ್ ಪ್ಲಗ್ ಕೆಟ್ಟಿದ್ದವು, ಬದಲಿ ಇರಲಿಲ್ಲ. ಜೆ.ಆರ್.ಡಿ. ತಮ್ಮ ಬದಲಿ ಪ್ಲಗ್‌ಗಳನ್ನು ತೆಗೆದು ಕೊಟ್ಟರು. ಅವರ ವಿಮಾನದ ಜಿಪ್ಸಿ ಎಂಜಿನ್‌ಗೆ ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಎರಡು ಪ್ಲಗ್. ಎದುರಾಳಿಗೆ ಅದನ್ನು ಕೊಡುವುದೆಂದರೆ ತನ್ನ ಮುಂದಿನ ದಾರಿಯನ್ನೇ ಅಪಾಯಕ್ಕೆ ಒಡ್ಡಿದ ಹಾಗೆ. ಆಸ್ಪಿ ಗೆದ್ದ. ಆಗ ಅವನಿಗೆ ಹದಿನೇಳು ವರ್ಷ. ಮುಂದೆ 1960ರಿಂದ 1964ರವರೆಗೆ ನಮ್ಮ ವಾಯುಪಡೆಯ ಮುಖ್ಯಸ್ಥನಾದ.

1982ರ ಅಕ್ಟೋಬರ್ 15ರಂದು, ಐವತ್ತು ವರ್ಷದ ನೆನಪಿಗೆ, ಎಪ್ಪತ್ತೆಂಟರ ಜೆ.ಆರ್.ಡಿ. ಮತ್ತೆ ಕರಾಚಿಯಿಂದ ಮುಂಬೈಗೆ ಹಾರಿಸಿಕೊಂಡು ಬಂದರು. ಈ ಸಲ ಲೆಪರ್ಡ್ ಮಾಥ್. ಜುಹುವಿನ ಜನಸಂದಣಿಯಲ್ಲಿ ನಾನೂ ಇದ್ದೆ. ಉಳಿದವರು ಕೈ ಬೀಸುವ ಮನುಷ್ಯನನ್ನು ನೋಡುತ್ತಿದ್ದರು. ನಾನು ಮತ್ತು ನನ್ನ ಜೊತೆಗಿದ್ದ ಫಿಟ್ಟರ್ ಕಾಕಾ ಎಂಜಿನ್ ಶಬ್ದ ಕೇಳುತ್ತಿದ್ದೆವು. 'ಮಸ್ತ್ ಚಾಲ್ತಾಯ್', ಚೆನ್ನಾಗಿ ಓಡ್ತಿದೆ, ಅಂದರು ಕಾಕಾ. ಅಷ್ಟೇ.

ಸರ್, ನಾನು ಕನ್ನಡ ಶಾಲೆಯ ಶಿಕ್ಷಕಿ. 1895ರಲ್ಲಿ ತಳಪದೆ ಅನ್ನುವವರು ಚೌಪಾಟಿಯಲ್ಲಿ ವಿಮಾನ ಹಾರಿಸಿದರು, ರೈಟ್ ಸಹೋದರರಿಗಿಂತ ಮೊದಲು, ಅದರ ವಿದ್ಯೆ ನಮ್ಮ ಆನೇಕಲ್ಲಿನ ಶಾಸ್ತ್ರಿಗಳದ್ದು ಅಂತ ಮಕ್ಕಳು ವಾಟ್ಸಾಪ್ ವಿಡಿಯೊ ತೋರಿಸುತ್ತಾರೆ. ಏನು ಹೇಳಲಿ?
— ಓದುಗಿ, ಬೋರಿವಲಿ

ಟೀಚರ್, ಇದಕ್ಕೆ ಸಮಾಧಾನವಾಗಿ ಉತ್ತರ ಹೇಳಬೇಕು. ಒಂದು ಕಡೆ ಮರಾಠಿಯವರ ಅಭಿಮಾನ, ಇನ್ನೊಂದು ಕಡೆ ನಮ್ಮದು.

ಶಿವಕರ ಬಾಪೂಜಿ ತಳಪದೆ ಕಟ್ಟುಕಥೆಯ ಮನುಷ್ಯ ಅಲ್ಲ. ಗಿರಗಾಂವ್ ಕಡೆಯವರು. ಜೆ.ಜೆ. ಕಲಾಶಾಲೆಯ ನಂಟಿದ್ದವರು, ವೇದ ಓದಿದವರು, ವಿಮಾನದ ಹುಚ್ಚು ಹಿಡಿದವರು. ಅವರ ಯಂತ್ರದ ಹೆಸರು ಮರುತ್ಸಖ. ಇಷ್ಟು ಸರಿ. ಅದು 1,500 ಅಡಿ ಏರಿತು, ಪಾದರಸದ ಎಂಜಿನ್ ಇತ್ತು, ನ್ಯಾಯಮೂರ್ತಿ ರಾನಡೆ ಮತ್ತು ಬರೋಡದ ಮಹಾರಾಜರು ನೋಡಿದರು, ಕೇಸರಿ ಪತ್ರಿಕೆಯಲ್ಲಿ ಬಂತು — ಇಲ್ಲಿಂದ ಮುಂದೆ ನಂಬಲು ನನ್ನಿಂದ ಆಗುವುದಿಲ್ಲ. ಕೇಸರಿ ಅನ್ನುತ್ತಾರೆ, ಯಾವ ದಿನದ ಕೇಸರಿ ಅಂದರೆ ಮಾತು ಬದಲಾಯಿಸುತ್ತಾರೆ. ಚೌಪಾಟಿ ಕಾಡಲ್ಲ. 1895ರ ಬೊಂಬಾಯಿಯಲ್ಲಿ ಇಂಗ್ಲಿಷ್, ಮರಾಠಿ, ಗುಜರಾತಿ ಪತ್ರಿಕೆಗಳು ಧಾರಾಳವಾಗಿದ್ದವು. ಬ್ರಿಟಿಷರು ಮುಚ್ಚಿಟ್ಟರು ಅಂತೀರಾ? ತಿಲಕರ ಕೈಯಲ್ಲಿದ್ದ ಪತ್ರಿಕೆಯನ್ನು?

ಎಂಜಿನ್ ವಿಷಯಕ್ಕೆ ಬರೋಣ, ಅದು ನನ್ನ ಜಾಗ. 1903ರಲ್ಲಿ ರೈಟ್ ಸಹೋದರರು ಹಾರಿದ್ದು ರೆಕ್ಕೆಯಿಂದ ಮಾತ್ರ ಅಲ್ಲ. 12 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಹಗುರವಾಗಲಿ ಅಂತ ಅದರ ಬ್ಲಾಕನ್ನು ಅಲ್ಯುಮಿನಿಯಂನಲ್ಲಿ ಎರಕ ಹೊಯ್ದರು. ಅಷ್ಟು ಮಾಡಿದ ಮೇಲೂ ಮೊದಲ ಹಾರಾಟ 12 ಸೆಕೆಂಡ್, 120 ಅಡಿ ದೂರ. ಫೋಟೊ ಇದೆ, ಕಣ್ಣಾರೆ ಕಂಡವರು ಐವರು ಇದ್ದರು. ಪಾದರಸವೋ, ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಅದನ್ನು ಹೊತ್ತು 1,500 ಅಡಿ ಎತ್ತುವ ಶಕ್ತಿ ಎಲ್ಲಿಂದ ಬಂತು ಅನ್ನುವುದನ್ನು ಆ ವಿಡಿಯೊ ಮಾಡಿದವರು ಹೇಳುವುದಿಲ್ಲ.

ಆನೇಕಲ್ ಸುಬ್ಬರಾಯ ಶಾಸ್ತ್ರಿಗಳ ವಿಷಯ. ಆ ವಿದ್ಯೆ ಇದೆ ಅನ್ನುವ ಪುಸ್ತಕ 'ವೈಮಾನಿಕ ಶಾಸ್ತ್ರ'ವನ್ನು ಅವರು ಹೇಳಿ ಬರೆಯಿಸಿದ್ದು 1918ರಿಂದ 1923ರ ನಡುವೆ. ಅಷ್ಟು ಹೊತ್ತಿಗೆ ತಳಪದೆ ತೀರಿಕೊಂಡಿದ್ದರು. ಅದರ ಚಿತ್ರಗಳನ್ನು ಬರೆದವರು ಬೆಂಗಳೂರಿನ ಒಬ್ಬ ಡ್ರಾಫ್ಟ್ಸ್‌ಮನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಆ ಪುಸ್ತಕವನ್ನು ಕೂತು ಪರೀಕ್ಷಿಸಿದರು. ಅದು ಇಪ್ಪತ್ತನೇ ಶತಮಾನದ ಬರಹ, 1904ಕ್ಕಿಂತ ಹಳೆಯದಲ್ಲ. ಅದರಲ್ಲಿರುವ ಯಂತ್ರಗಳು ಹಾರುವಂಥವಲ್ಲ — ಇದು ಅವರ ತೀರ್ಮಾನ. ಅವರು ತಮಾಷೆಗೆ ಬರೆದದ್ದಲ್ಲ, ತೂಕ, ಆಕಾರ ಎಲ್ಲ ಲೆಕ್ಕ ಹಾಕಿಯೇ ಬರೆದದ್ದು. 2015ರಲ್ಲಿ ಇಲ್ಲೇ ಮುಂಬೈ ವಿಶ್ವವಿದ್ಯಾಲಯದಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಇದೇ ವಿಷಯ ಮತ್ತೆ ಎದ್ದು ದೊಡ್ಡ ಗಲಾಟೆ ಆಯಿತು, ನಿಮಗೂ ನೆನಪಿರಬಹುದು.

ಮಕ್ಕಳಿಗೆ ಬೈಯಬೇಡಿ. ಒಂದು ಕಾಗದದ ವಿಮಾನ ಮಾಡಿಸಿ, ಮೂಗಿಗೆ ಒಂದು ಗುಂಡುಪಿನ್ನು ಸಿಕ್ಕಿಸಿ ಹಾರಿಸಲು ಹೇಳಿ. ಆಮೇಲೆ ಐದು ಪಿನ್ನು. ಭಾರ ಏನು ಮಾಡುತ್ತದೆ ಅಂತ ಅವರೇ ಹೇಳುತ್ತಾರೆ.

ಮೊದಲ ಮಹಿಳಾ ಪೈಲಟ್ ಸರಳಾ ಠಕ್ರಾಲ್ ಅಲ್ವಾ?
— ಓದುಗಿ, ಠಾಣೆ

ಎಲ್ಲರೂ ಹಾಗೆಯೇ ಬರೆಯುತ್ತಾರೆ. ಸರಳಾ ಲೈಸೆನ್ಸ್ ಪಡೆದದ್ದು 1936ರಲ್ಲಿ. ಊರ್ಮಿಳಾ ಪಾರಿಖ್ 1932ರಲ್ಲೇ ಪಡೆದಿದ್ದರು. ಸೀರೆ ಉಟ್ಟು ಜಿಪ್ಸಿ ಮಾಥ್ ಹಾರಿಸಿದ ಸರಳಾ ಅವರ ಕಥೆ ಚೆಂದ, ಆದ್ದರಿಂದ ಅದೇ ಉಳಿದುಕೊಂಡಿತು.

ಜುಹುವಿನಲ್ಲಿ ಒಮ್ಮೆ ದೊಡ್ಡ ಜೆಟ್ ವಿಮಾನ ತಪ್ಪಿ ಇಳಿದಿತ್ತಂತೆ. ನಮ್ಮ ಸೊಸೈಟಿಯಲ್ಲಿ ಇದು ಸುಳ್ಳು ಅಂತ ಪಂದ್ಯ ಕಟ್ಟಿದ್ದಾರೆ.
— ಓದುಗ, ಅಂಧೇರಿ

ಪಂದ್ಯ ಕಟ್ಟಿದವರು ದುಡ್ಡು ತೆಗೆದಿಡಲಿ. ಒಮ್ಮೆ ಅಲ್ಲ ಮಾರಾಯ್ರೇ, ಎರಡು ಸಲ.

1953ರ ಜುಲೈ 15ರಂದು ಬ್ರಿಟಿಷ್ ಏರ್‌ಲೈನ್ ಬಿ.ಓ.ಎ.ಸಿ.ಯ ಕಾಮೆಟ್, ಪ್ರಯಾಣಿಕರನ್ನು ಹೊತ್ತ ಜಗತ್ತಿನ ಮೊದಲ ಜೆಟ್, ಸಾಂತಾಕ್ರೂಜ್ ಅಂದುಕೊಂಡು ಜುಹುವಿನಲ್ಲಿ ಇಳಿಯಿತು. ಹಾನಿ ಆಗಲಿಲ್ಲ. ವಾಪಸ್ ಏರಿಸಲು ಒಂಬತ್ತು ದಿನ ಬೇಕಾಯಿತು. ಎರಡನೇ ಸಲ 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8. ಅದು ರನ್‌ವೇ ಮುಗಿದರೂ ನಿಲ್ಲದೆ ಮುಂದಕ್ಕೆ ನುಗ್ಗಿತು. ಯಾರೂ ಸಾಯಲಿಲ್ಲ, ಆದರೆ ವಿಮಾನ ಮತ್ತೆ ಹಾರಲಿಲ್ಲ.

ಯಾಕೆ ಹೀಗೆ? ನಕ್ಷೆ ತೆಗೆದು ನೋಡಿ. ಎರಡರ ರನ್‌ವೇಗಳೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ನಡುವೆ ಕೆಲವೇ ಕಿಲೋಮೀಟರ್. ಸಮುದ್ರದ ಕಡೆಯಿಂದ ಬರುವವನಿಗೆ ಮೊದಲು ಕಾಣುವುದು ಜುಹು. ಸಾಂತಾಕ್ರೂಜ್‌ನ ಮುಖ್ಯ ರನ್‌ವೇ ಈಗ ಸುಮಾರು 3,450 ಮೀಟರ್, ಜುಹುವಿನದು 1,150ರ ಆಸುಪಾಸು. ಪೈಲಟ್‌ಗಳನ್ನು ದೂರುವ ಮೊದಲು ಮಳೆಗಾಲದ ಒಂದು ಸಂಜೆ ಜುಹು ಬೀಚಿನಲ್ಲಿ ನಿಂತು ಪೂರ್ವಕ್ಕೆ ತಿರುಗಿ ನೋಡಿ, ಏನು ಕಾಣುತ್ತದೆ ಅಂತ.

ನಾವು ವಾಸ್ಕೋದಲ್ಲಿ ಹೋಟೆಲ್ ಇಟ್ಟಿದ್ದೇವೆ. ಇಲ್ಲಿಯ ದಾಬೋಲಿಂ ವಿಮಾನ ನಿಲ್ದಾಣ ಪೋರ್ಚುಗೀಸರ ಕಾಲದ್ದು ಅಂತಾರೆ. ಅದಕ್ಕೂ ಮೊದಲು ಗೋವಾಕ್ಕೆ ವಿಮಾನ ಬರುತ್ತಿರಲಿಲ್ಲವಾ ಅಣ್ಣ?
— ಓದುಗ, ವಾಸ್ಕೋ

ಬರುತ್ತಿತ್ತು. 1930ರಲ್ಲೇ ಮೊರೇರಾ ಕಾರ್ಡೊಸೊ, ಸಾರ್ಮೆಂಟೊ ಪಿಮೆಂಟೆಲ್ ಅನ್ನುವ ಇಬ್ಬರು ಪೋರ್ಚುಗೀಸರು ತಮ್ಮ ದೇಶದಿಂದ ಪುಸ್ ಮಾಥ್‌ನಲ್ಲಿ ಗೋವಾ ಮುಟ್ಟಿದ್ದರು. 1935ರಲ್ಲಿ ಟಾಟಾದವರು ಮುಂಬೈ–ತಿರುವನಂತಪುರ ಸೇವೆ ಶುರುಮಾಡಿದಾಗ ದಾರಿಯಲ್ಲಿ ಗೋವಾ, ಕಣ್ಣಾನೂರು ಇದ್ದವು.

ದಾಬೋಲಿಂ ಬಂದದ್ದು 1955ರಲ್ಲಿ, ಸುಮ್ನೆ ಅಲ್ಲ. ಭಾರತ ಗೋವಾದ ಸುತ್ತ ದಿಗ್ಬಂಧನ ಹಾಕಿತ್ತು. ರೈಲು, ರಸ್ತೆ ಬಂದ್ ಆದ ಮೇಲೆ ಪೋರ್ಚುಗೀಸರಿಗೆ ಉಳಿದದ್ದು ಸಮುದ್ರ ಮತ್ತು ಆಕಾಶ. ಅದಕ್ಕೇ ತಮ್ಮದೇ ಒಂದು ಏರ್‌ಲೈನ್ ಕಟ್ಟಿದರು, ಟಿ.ಎ.ಐ.ಪಿ. ಅಂತ. ಗೋವಾ, ದಮನ್, ದಿಯು, ಕರಾಚಿ. ಕರಾಚಿ ಯಾಕೆ ಅಂದರೆ ಭಾರತದ ನೆಲ ಮುಟ್ಟುವ ಹಾಗಿರಲಿಲ್ಲ. 1961ರ ಡಿಸೆಂಬರ್ 18ರಂದು ನಮ್ಮ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಂ ರನ್‌ವೇಗೆ ಬಾಂಬ್ ಹಾಕಿದವು. ಆ ರಾತ್ರಿ ಅಲ್ಲಿ ನಿಂತಿದ್ದ ಎರಡು ವಿಮಾನಗಳು, ಒಂದು ಸೂಪರ್ ಕಾನ್‌ಸ್ಟೆಲೇಶನ್, ಒಂದು ಡಿಸಿ-4, ರನ್‌ವೇಯಲ್ಲಿ ಉಳಿದಿದ್ದ ಗಿಡ್ಡ ತುಂಡಿನಿಂದಲೇ ಎದ್ದು ಕರಾಚಿಗೆ ಪಾರಾದವು. ಶತ್ರುಗಳೇ ಇರಬಹುದು, ಆ ಟೇಕಾಫ್‌ಗೆ ಮಾತ್ರ ನನ್ನ ಸಲಾಂ.

ಮುಂಬೈಯಲ್ಲಿ ಇಷ್ಟೆಲ್ಲ ಆಗುವಾಗ ನಮ್ಮ ಮಂಗಳೂರಿಗೆ ವಿಮಾನ ಯಾವಾಗ ಬಂತು?
— ಓದುಗ, ಮುಲುಂಡ್

1951ರ ಡಿಸೆಂಬರ್ 25. ಬಜ್ಪೆಯಲ್ಲಿ ನೆಹರೂ ಡಕೋಟಾದಲ್ಲಿ ಬಂದಿಳಿದರು. ಅಲ್ಲಿಯ ಸಮಸ್ಯೆ ಜುಹುವಿನ ಉಲ್ಟಾ. ಇಲ್ಲಿ ತಗ್ಗಿನಲ್ಲಿ ನೀರು, ಅಲ್ಲಿ ಗುಡ್ಡದ ತಲೆಯ ಮೇಲೆ ರನ್‌ವೇ. ಅದರ ಮೊದಲು ನಮ್ಮ ಹಿರಿಯರು ಹಡಗು ಹತ್ತಿಯೋ, ಘಾಟಿಯ ಬಸ್ಸು-ರೈಲು ಬದಲಿಸಿಯೋ ಬೊಂಬಾಯಿಗೆ ಬಂದು ಹೋಟೆಲುಗಳಲ್ಲಿ ಕೆಲಸ ಮಾಡಿದವರು. ಆಮೇಲೂ ಬಹಳ ವರ್ಷ ವಿಮಾನ ಧಣಿಗಳಿಗೆ ಮಾತ್ರ.

ಜುಹು ಏರೋಡ್ರೋಮ್ ಒಳಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದಾ?
— ಅಜ್ಜ, ಘಾಟ್ಕೋಪರ್

ಸುಮ್ನೆ ನೋಡಲು ಅಂತ ಒಳಗೆ ಬಿಡುವುದಿಲ್ಲ ರಾಯರೇ. ಗೇಟಿನಲ್ಲಿ ವಾದ ಮಾಡಬೇಡಿ. ಬದಲಿಗೆ ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅಲ್ಲಿ ಬೆಂಗಳೂರಿನ ಎಚ್.ಎ.ಎಲ್. ಕಟ್ಟಿದ ಮಾರುತ್ ಯುದ್ಧವಿಮಾನ ಇದೆ. ಆ ಎಚ್.ಎ.ಎಲ್.ಗೆ 1940ರ ಡಿಸೆಂಬರ್‌ನಲ್ಲಿ ಅಡಿಪಾಯ ಹಾಕಿದ್ದು ಬೊಂಬಾಯಿಯ ಉದ್ಯಮಿ ವಾಲಚಂದ್ ಹೀರಾಚಂದ್, ಮೈಸೂರು ಸರ್ಕಾರವೂ ಜೊತೆಗೆ ಹಣ ಹಾಕಿತ್ತು. ಮಕ್ಕಳಿಗೆ ರೆಕ್ಕೆಯ ಅಡಿಯಲ್ಲಿ ಬಗ್ಗಿ ಚಕ್ರದ ಗೂಡು ನೋಡಲು ಹೇಳಿ, ಫೋಟೊ ಆಮೇಲೆ ತೆಗೆದರೆ ಆಯಿತು.

ಮುಂದಿನ ಸಂಚಿಕೆಗೆ ಲೋಕಲ್ ರೈಲಿನ ಪ್ರಶ್ನೆ ಕಳಿಸಿದವರು ಸ್ವಲ್ಪ ತಾಳ್ಮೆ ಇಡಿ, ಪತ್ರ ಓದಿದ್ದೇನೆ.